ನೀರು ಮೊಗೆಯುವ ಡಬ್ಬ

ಹೊಳೆಯಲ್ಲಿ ಚಿಪ್ಪಿಕಲ್ಲು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸೊಬ್ಬಳು ಮೊದಲ ಸಲ ಸ್ವಂತ ದೋಣಿ ಕೊಳ್ಳಲು ಕುಣಿಯುತ್ತ ಹೊಳೆದಂಡೆಗೆ ಬಂದಳು. ಮಾಬ್ಲ ನಾಯ್ಕರು ತಮ್ಮ ಹಳೇ ದೋಣಿಗೆ ನೀಲಿ ಬಣ್ಣ ಬಳಿಸಿ ನಿಲ್ಲಿಸಿದ್ದರು.

"ಒಂದು ಹನಿ ನೀರೂ ಒಳಗೆ ಬರೂದಿಲ್ಲ. ಈಗಲೇ ಹೂಂ ಅನ್ನು, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೆ!" ಎಂದು ಗದರಿದರು.

"ದೋಣಿಯೊಳಗೆ ಬಂದ ನೀರು ಮೊಗೆದು ಚೆಲ್ಲೋ ಡಬ್ಬ ಜೊತೆಗೆ ಸಿಗ್ತದಾ ಒಡೆಯಾ?"

"ಒಂದಲ್ಲ, ಎರಡು!" ನಾಯ್ಕರು ಕೂತಲ್ಲಿಂದಲೇ ದೋಣಿಯೊಳಗೆ ಕೈಹಾಕಿ ಎಳೆದು ತೋರಿಸಿದರು. ಎರಡರ ತಳವೂ ಸವೆದು ಫಳಫಳ ಹೊಳೆಯುತ್ತಿತ್ತು.

ಪಕ್ಕದಲ್ಲೇ ಜಟ್ಟಪ್ಪಜ್ಜನ ಬಣ್ಣಗೆಟ್ಟ ದೋಣಿ, ಅರ್ಧ ಬೆಲೆಗೆ. ಅವನನ್ನೂ ಡಬ್ಬ ಕೇಳಿದಳು. ಅಜ್ಜ ಎಲ್ಲೆಲ್ಲೋ ಹುಡುಕಿ, ಕೊನೆಗೆ ದಂಡೆಯ ಮೇಲಿನ ತನ್ನ ಹಿತ್ತಲಿಂದ ಕೂಗಿದ: "ಇಲ್ಲುಂಟು ಮಗಾ! ಈಗ ತೆಗೆಯೂಕಾಗೂದಿಲ್ಲ, ಒಳಗೆ ಕೋಳಿ ಕಾವಿಗೆ ಕೂತಿದೆ!"

"ಇದೇ ನನ್ನ ದೋಣಿ!" ಎಂದು ಅವಳು ಅಜ್ಜನ ದೋಣಿಗೆ ಹಾರಿ ಕೂತಳು.

"ಆ ಬಣ್ಣಗೆಟ್ಟದ್ದಾ?" ನಾಯ್ಕರು ಎದ್ದು ನಿಂತರು.

"ನಿಮ್ಮ ಡಬ್ಬಕ್ಕೆ ದಿನವೂ ಕೆಲಸ ಒಡೆಯಾ. ಅಜ್ಜನ ಡಬ್ಬಕ್ಕೆ ಬಾಣಂತನ ಮಾಡೂಕೂ ಪುರಸೊತ್ತುಂಟು!"