ಸದ್ದಿಲ್ಲದ ಕರೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಮ್ಮ ಊರಿನ ಜಾಲದಲ್ಲಿ ದಾರಿ ಒಂದೇ, ನಡೆಯುವವರು ನೂರಾರು. ಸಿನಿಮಾ, ಪಾಠ, ವಿಡಿಯೊ ಕರೆ ಎಲ್ಲವೂ ಅದರಲ್ಲೇ ಹೋಗಬೇಕು. ಬ್ಯಾಂಡ್‌ವಿಡ್ತ್ ಹಂಚಲು ತಂತ್ರಾಂಶದ ಏಜೆಂಟ್‌ಗಳನ್ನು ಕೂರಿಸಿದ್ದೇನೆ. ಅವು ತೂಕಡಿಸುವುದಿಲ್ಲ, ಲಂಚ ತಿನ್ನುವುದಿಲ್ಲ. ಇಕ್ಕಟ್ಟಾದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಕಡಿಯಬೇಕು ಎಂದು ಒಮ್ಮೆ ನಿಯಮ ಬರೆದುಕೊಟ್ಟರೆ, ಆಮೇಲೆ ಎಲ್ಲವನ್ನೂ ಅವುಗಳಿಗೆ ಬಿಡಬಹುದೇ?”

ಗುರು ಹೇಳಿದರು:

ಒಬ್ಬ ವರ್ತಕನಿದ್ದ. ಮೊದಲು ಸಂತೆಯಿಂದ ಸಂತೆಗೆ ಹಿಂಡಿ, ಹುರುಳಿ ಮಾರುತ್ತಿದ್ದವನು, ಕಾಲ ನೋಡಿ ಊರಿಗೆ ಇಂಟರ್ನೆಟ್ ತಂತಿ ಎಳೆಸಿದ. ವ್ಯಾಪಾರ ಕುದುರಿತು. ಗಿರಾಕಿ ಹೆಚ್ಚಿದಂತೆ ತಂತಿ ಸಾಲದಾಯಿತು. ಇನ್ನೊಂದನ್ನು ಎಳೆಸುವುದಕ್ಕಿಂತ ಇರುವುದನ್ನೇ ಜಾಣತನದಿಂದ ಹಂಚುವುದು ಲೇಸು ಎಂದು ಅವನು ಏಜೆಂಟ್‌ಗಳನ್ನು ತಂದ. ಗಿರಾಕಿಗೊಂದು ಏಜೆಂಟ್. ನಮ್ಮವರಿಗೆ ಇಷ್ಟು ಜಾಗ ಬೇಕು ಎಂದು ಒಂದು ಕೇಳುತ್ತದೆ. ನಮ್ಮವರಿಗೆ ಸದ್ಯಕ್ಕೆ ಬೇಡ, ತೆಗೆದುಕೋ ಎಂದು ಇನ್ನೊಂದು ಬಿಟ್ಟುಕೊಡುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ವ್ಯವಹಾರ ಮುಗಿಯುತ್ತದೆ.

ವರ್ತಕ ಅವುಗಳಿಗೆ ಕೊಟ್ಟ ಆಜ್ಞೆ ಇಷ್ಟೇ. ಇಕ್ಕಟ್ಟಾದಾಗ ಮಾತನ್ನು ಉಳಿಸಿ, ಚಿತ್ರವನ್ನು ಸೊರಗಿಸಿ. ಸದ್ದೇ ಇಲ್ಲದ ಕರೆ ಎಂದರೆ ಯಾರೋ ಮುಚ್ಚಲು ಮರೆತ ಬಾಗಿಲು. ಅದರ ಪಾಲನ್ನು ಮೊದಲು ಕಿತ್ತುಕೊಳ್ಳಿ. ತಂತಿಯ ಕಸುಬಿನವರಿಗೆ ಇದು ಗೊತ್ತಿದ್ದ ಲೆಕ್ಕವೇ. ಮುಖ ಮಸುಕಾದರೆ ಜನ ಸಹಿಸುತ್ತಾರೆ, ಮಾತು ತುಂಡಾದರೆ ಬೈಯುತ್ತಾರೆ. ನಾಯಕಿಯ ಮುಖ ಕಲಸಿದ ಹಿಟ್ಟಾಗಿತ್ತು ಎಂದು ಯಾರಾದರೂ ಗೊಣಗಿದರೆ, “ಹಾಡು ಕೇಳಿಸಿತಲ್ಲ? ಮುಖ ಹೇಗೂ ನಿನಗೆ ಬಾಯಿಪಾಠ” ಎಂದು ವರ್ತಕ ನಕ್ಕು ಕಳಿಸುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಗಾಡಿಯವನಿದ್ದ. ಅವನಿಗೂ ಅವನ ಹೆಂಡತಿಗೂ ಹುಟ್ಟಿನಿಂದ ಕಿವಿ ಕೇಳಿಸದು, ಅಕ್ಷರವೂ ಬಾರದು. ಇಬ್ಬರೂ ಕೈಯಲ್ಲೇ ಮಾತಾಡುವರು. ಕಬ್ಬು ಸಾಗಿಸುವ ಕಾಲ ಹತ್ತಿರವಾದಾಗ ಅವನ ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಒಂಟಿ ಎತ್ತು ಅವನ ಗಾಡಿ ಎಳೆಯದು. ಎತ್ತರವೂ ನಡಿಗೆಯೂ ಹೊಂದದ ಎತ್ತನ್ನು ನೊಗಕ್ಕೆ ಕಟ್ಟಿದರೆ ಎರಡೂ ಕೆಡುತ್ತವೆ. ಸರಿಜೋಡಿ ಸಿಗದಿದ್ದರೆ ಆ ವರ್ಷದ ದುಡಿಮೆಯೇ ಇಲ್ಲ.

ಹೆಂಡತಿ ದೂರದ ದನದ ಸಂತೆಗೆ ಹೋದಳು. ಅವನು ಮನೆಯಲ್ಲಿ ಉಳಿದ ಎತ್ತಿನ ಪಕ್ಕ ನಿಂತು, ಫೋನನ್ನು ಕಂಬಕ್ಕೆ ಒರಗಿಸಿ, ವಿಡಿಯೊ ಕರೆಯಲ್ಲಿ ಅವಳು ತೋರಿಸಿದ ಎತ್ತುಗಳನ್ನು ಇದರೊಡನೆ ಹೋಲಿಸುತ್ತಿದ್ದ. ಕೊನೆಗೆ ಒಂದು ಒಪ್ಪಿತು. ಅದೇ ಮೈಕಟ್ಟು, ಅದೇ ಹೆಜ್ಜೆ. ಹಿಡಿ ಎಂದು ಅವನು ಕೈ ಎತ್ತಿದ.

ಅದೇ ಹೊತ್ತಿಗೆ ತಂತಿಯಲ್ಲಿ ನೂಕುನುಗ್ಗಲಾಯಿತು. ಏಜೆಂಟ್ ಅವರ ಕರೆಗೆ ಕಿವಿಗೊಟ್ಟಿತು. ಸದ್ದಿಲ್ಲ. ಫೋನಿನ ಮೈಕಿನಿಂದ ಅವರಿಗೆ ಆಗಬೇಕಾದ್ದೇನು? ಅದನ್ನು ಅವರು ತೆರೆದವರೇ ಅಲ್ಲ. ಏಜೆಂಟ್ ಅವರ ಪಾಲನ್ನು ಕಿತ್ತು ಉಳಿದವರಿಗೆ ಹಂಚಿತು. ಹೆಂಡತಿಯ ಪರದೆಯ ಮೇಲೆ ಗಂಡ ಒಂದು ಬಣ್ಣದ ಕಲೆಯಾದ. ಹಿಡಿ ಎಂದನೋ ಬಿಡು ಎಂದನೋ ಅವಳಿಗೆ ತಿಳಿಯಲಿಲ್ಲ. ಚಿತ್ರ ತಿಳಿಯಾಗುವಷ್ಟರಲ್ಲಿ ಎತ್ತಿನ ಹಗ್ಗ ಬೇರೊಬ್ಬನ ಕೈಯಲ್ಲಿತ್ತು.

ಮರುದಿನ ಗಾಡಿಯವನು ವರ್ತಕನ ಅಂಗಡಿಗೆ ಬಂದ. ಅವನ ಕೈಮಾತು ಬಲ್ಲ ಲಾಳ ಹೊಡೆಯುವವನೊಬ್ಬ ಜೊತೆಯಲ್ಲಿ ಬಂದು ನಡೆದದ್ದನ್ನು ಹೇಳಿದ. ವರ್ತಕ ಏಜೆಂಟನ್ನು ವಿಚಾರಿಸಿದ. ಆ ಕರೆ ಖಾಲಿ ಇತ್ತು ಎಂದಿತು ಅದು. ವರ್ತಕನಿಗೆ ಎದೆ ಹಗುರಾಯಿತು.

“ನೋಡಪ್ಪಾ, ನನ್ನದೇನೂ ಲೋಪವಿಲ್ಲ. ನಿನ್ನೆ ಇಡೀ ಊರಿನಲ್ಲಿ ಒಬ್ಬರ ಮಾತೂ ತುಂಡಾಗಿಲ್ಲ” ಎಂದ.

ಲಾಳದವನು ಅದನ್ನು ಕೈಯಲ್ಲಿ ತಿಳಿಸಿದ. ಗಾಡಿಯವನು ಹೆಗಲಿನ ಟವೆಲ್ ತೆಗೆದು ವರ್ತಕನ ಬಲಗೈ ಮೇಲೆ ಹೊದಿಸಿ, ಅದರೊಳಗೆ ತನ್ನ ಕೈ ತೂರಿಸಿದ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ. ಸಂತೆ ಸುತ್ತಿದ ವರ್ತಕನಿಗೆ ಅದು ನೀರು ಕುಡಿದಷ್ಟು ಸಲೀಸು. ನಷ್ಟ ತುಂಬಿಕೊಡು ಎನ್ನಲು ಬಂದಿದ್ದಾನೆ, ಕೇಳಲಿ, ಅರ್ಧಕ್ಕೆ ಇಳಿಸಿದರಾಯಿತು ಎಂದುಕೊಂಡ. ಗಾಡಿಯವನ ಬೆರಳುಗಳು ತಮ್ಮ ಬೆಲೆ ಕೇಳಿದವು. ಉತ್ತರ ಕೊಡಲು ವರ್ತಕ ಬೆರಳು ಅಲುಗಿಸಿದ. ಆಗ ಗಾಡಿಯವನು ಆ ಐದು ಬೆರಳನ್ನೂ ಒಟ್ಟಿಗೆ ಅವುಚಿ, ಟವೆಲ್ಲಿನಿಂದ ಸುತ್ತಿ, ಗಂಟು ಬಿಗಿದುಬಿಟ್ಟ.

“ಬಿಡೋ ಮಾರಾಯ! ಕೈ ಕಟ್ಟಿಹಾಕಿದರೆ ನಾನು ಹೇಳುವುದು ಹೇಗೆ?”

“ಬಾಯಿ ಬಿಚ್ಚೇ ಇದೆಯಲ್ಲ, ಯಜಮಾನ್ರೇ” ಎಂದ ಲಾಳದವನು. “ಹೇಳಿ. ಸದ್ದಂತೂ ಚೆನ್ನಾಗಿ ಬರ್ತಾ ಇದೆ.”

ವರ್ತಕ ಗಾಡಿಯವನ ಮುಖ ನೋಡಿದ, ಕಟ್ಟಿದ ತನ್ನ ಕೈ ನೋಡಿದ. ಅವನ ಏಜೆಂಟ್ ಸುಳ್ಳು ಹೇಳಿರಲಿಲ್ಲ, ಆಜ್ಞೆ ಮೀರಿರಲಿಲ್ಲ. ಆದರೂ ಎತ್ತು ಹೋಗಿತ್ತು. ಅದರ ಬೆಲೆ ಕೊಡಬಹುದು. ಆ ಜೋಡಿಯನ್ನು ಎಲ್ಲಿಂದ ತಂದುಕೊಡುವುದು?

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಲೆಯಾಡಿಸಿದ. “ತಿಳಿಯಿತು ಗುರುಗಳೇ. ಕಿವಿ ಕೇಳದವರಿಗೆ ಚಿತ್ರವೇ ಮೊದಲು ಎಂದು ಇನ್ನೊಂದು ನಿಯಮ ಸೇರಿಸುತ್ತೇನೆ. ಆಗ ಸರಿಹೋಗುತ್ತದಲ್ಲವೇ?”

“ಸೇರಿಸು,” ಎಂದರು ಗುರು, “ಆದರೆ ನಿನ್ನ ಅಂಗಡಿಗೆ ಇನ್ನೂ ಬಾರದವನ ಮಾತು ಎಲ್ಲಿದೆಯೆಂದು ನಿನ್ನ ಏಜೆಂಟಿಗೆ ಹೇಳುವವರು ಯಾರು?”