ನೇಕಾರ ತೋಡಿದ ಗುಂಡಿ

“ಗುರುಗಳೇ, ಇನ್ನು ಏನನ್ನು ಸಿದ್ಧಮಾಡಿಕೊಳ್ಳಲಿ?” ಎಂದು ವಿಶಾಲಾಕ್ಷಿ ಕೇಳಿದಳು.

ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಕಡಲಾಚೆಯ ಒಂದು ದೇಶದಲ್ಲಿ ಮಕ್ಕಳಿಗೆ ಪಾಠ ಹೇಳುವವರಿಲ್ಲ ಎಂದು ತಿಳಿದು, ಸಂಬಳವಿಲ್ಲದೆ ಎರಡು ವರ್ಷ ಕಲಿಸಿ ಬರಲು ಒಪ್ಪಿಕೊಂಡಿದ್ದಳು. ವೀಸಾ ಬಂದಿತ್ತು. ಅಲ್ಲಿನ ಭಾಷೆಯನ್ನು ಮಾತಾಡುವ ಮಟ್ಟಿಗೆ ಕಲಿತಿದ್ದಳು. ಎರಡು ವರ್ಷದ ಪಾಠಗಳನ್ನು ಬರೆದು ಪೆಟ್ಟಿಗೆಗೆ ತುಂಬಿದ್ದಳು. ಆದರೂ ಭಯವಿತ್ತು. ಅಷ್ಟು ದೂರ ಹೋಗಿ, ತಾನು ಹೇಳಿದ್ದು ಅಲ್ಲಿನ ಒಂದು ಮಗುವಿಗೂ ತಲೆಗೆ ಹತ್ತದಿದ್ದರೆ?

ಗುರುಗಳು ಅವಳ ಸಿದ್ಧತೆಯ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು. ನಡುವೆ ಎರಡು ಸಲ ಆಕಳಿಸಿದರು. ಆಮೇಲೆ, “ಹೀಗೆಯೇ ಗಂಟು ಕಟ್ಟಿಕೊಂಡು ಹೊರಟ ಇನ್ನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ,” ಎಂದು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನದು ಗುಂಡಿಮಗ್ಗ. ಮನೆಯ ನೆಲದಲ್ಲಿ ಸೊಂಟದಾಳದ ಗುಂಡಿ ತೋಡಿ, ಅದರ ಅಂಚಿನಲ್ಲಿ ಕುಳಿತು ನೇಯುವ ಮಗ್ಗ. ಅವನ ಅಪ್ಪ ಹಾಗೆ ನೇಯ್ದಿದ್ದ, ಅಜ್ಜನೂ ಹಾಗೆಯೇ ನೇಯ್ದಿದ್ದ.

ದೂರದ ಒಂದು ದ್ವೀಪದಿಂದ ಅವನಿಗೆ ಕರೆ ಬಂತು. ಅಲ್ಲಿಯವರಿಗೂ ನೇಯ್ಗೆ ಗೊತ್ತಿತ್ತು. ಆದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮಗ್ಗ. ಬಟ್ಟೆ ಒಂದೂವರೆ ಗೇಣಿಗಿಂತ ಅಗಲ ಬರುತ್ತಿರಲಿಲ್ಲ. ಅಂಥ ಪಟ್ಟಿಗಳನ್ನು ಹೊಲಿದು ದೋಣಿಗೆ ಹಾಯಿ ಕಟ್ಟುತ್ತಿದ್ದರು. ಗಾಳಿ ಜೋರಾದರೆ ಹೊಲಿಗೆ ಬಿಡುತ್ತಿತ್ತು. ಹಿಂದಿನ ವರ್ಷ ಹೋದ ಎರಡು ದೋಣಿಗಳು ಮರಳಿರಲಿಲ್ಲ. ಅಗಲದ ಬಟ್ಟೆ ನೇಯುವುದನ್ನು ಕಲಿಸಿಕೊಡಿ ಎಂದು ಅವರು ಕೇಳಿಕೊಂಡರು. ನೇಕಾರ ಮರುಗಿದ. ಏನನ್ನೂ ಬೇಡದೆ ಒಪ್ಪಿಕೊಂಡ.

ಮೂರು ವರ್ಷ ಸಿದ್ಧತೆ ಮಾಡಿಕೊಂಡ. ಅವರ ಭಾಷೆ ಕಲಿತ. ಮಗ್ಗವನ್ನು ಬಿಚ್ಚಿ, ಕಟ್ಟಿ, ಬಿಚ್ಚಿ ರೂಢಿ ಮಾಡಿಕೊಂಡ. ಕಲಿಯುವವರು ಏನೇನು ಕೇಳಬಹುದೆಂದು ತಾನೇ ಯೋಚಿಸಿ, ಉತ್ತರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಪಾಪ, ಇದಕ್ಕಿಂತ ಹೆಚ್ಚು ಯಾರು ತಾನೇ ಮಾಡಿಕೊಳ್ಳುತ್ತಾರೆ?

ದ್ವೀಪದಲ್ಲಿ ಮನೆಗಳೆಲ್ಲ ಕಂಬಗಳ ಮೇಲೆ ಆಳೆತ್ತರದಲ್ಲಿ ನಿಂತಿದ್ದವು. ಕೆಳಗೆ ಸದಾ ಒದ್ದೆ ನೆಲ. ನೇಕಾರ ಇಳಿದವನೇ, “ನನಗೆ ನೆಲದ ಮೇಲೆ ಒಂದು ಚಪ್ಪರ ಬೇಕು. ಗುಂಡಿಯಿಲ್ಲದೆ ಮಗ್ಗವಿಲ್ಲ,” ಎಂದ. ಅವರು ಚಪ್ಪರ ಹಾಕಿಕೊಟ್ಟರು. ಅವನು ಗುಂಡಿ ತೋಡಿದ. ತನ್ನವರ ಪದ್ಧತಿಯಂತೆ ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, ಕೈಮುಗಿದು ಕುಳಿತ. ದಿನವೂ ಕೈಮುಗಿದೇ ಕೂರುತ್ತಿದ್ದ.

ಕೆಲಸ ಸಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿ ಪಾದ ಮುಳುಗುವಷ್ಟು ನೀರು. ಮಗ್ಗದಲ್ಲಿ ಕಾಲಿನಿಂದ ತುಳಿಯುವ ಹಲಗೆಗಳ ಹಗ್ಗ ನೆನೆದು ಜೋಲುಬೀಳುತ್ತಿತ್ತು. ನೂಲು ಮುಗ್ಗು ಹಿಡಿಯುತ್ತಿತ್ತು. ಕಲಿಯಲು ಬಂದ ಹೆಂಗಸರು ಸುಮ್ಮನೆ ನೋಡುತ್ತ ಕೂರುತ್ತಿದ್ದರು. ಇವರಿಗೆ ಕಲಿಯುವ ಉತ್ಸಾಹವೇ ಕಡಿಮೆ ಎಂದು ನೇಕಾರ ಬೇಸರಪಟ್ಟ. ಹೀಗೆ ನಲವತ್ತು ದಿನ ಕಳೆಯಿತು. ದೋಣಿಗಳು ಕಡಲಿಗಿಳಿಯುವ ಗಾಳಿಯ ಕಾಲಕ್ಕೆ ಇನ್ನು ಎರಡೇ ತಿಂಗಳಿತ್ತು. ಒಂದು ಹಾಯಿಯೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಅವನು ಎಂದಿಗಿಂತ ಬೇಗ ಚಪ್ಪರಕ್ಕೆ ಬಂದ. ಗುಂಡಿಯೊಳಗೆ ಸೊಂಟದವರೆಗಿನ ನೀರಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಸೋರೆಬುರುಡೆಯಿಂದ ನೀರು ತೋಡಿ ತೋಡಿ ಮೇಲೆ ಕೊಡುತ್ತಿದ್ದಳು. ಕಲಿಯಲು ಬರುವ ಹೆಂಗಸರಲ್ಲಿ ಇಬ್ಬರು ಅದನ್ನು ಆಚೆ ಚೆಲ್ಲುತ್ತಿದ್ದರು. ನಲವತ್ತು ದಿನವೂ ಅವನು ಬರುವುದರೊಳಗೆ ಅವರು ಹೀಗೆ ಗುಂಡಿ ಖಾಲಿ ಮಾಡಿದ್ದರು.

“ಅಜ್ಜಿ, ಇದನ್ನು ನನಗೆ ಯಾಕೆ ಹೇಳಲಿಲ್ಲ?” ಎಂದ ನೇಕಾರ.

“ನೀವು ದಿನಾ ಗುಂಡಿಗೆ ಕೈಮುಗಿಯುತ್ತೀರಿ. ನಿಮ್ಮ ದೇವರ ಜಾಗ ಇರಬೇಕು ಅಂದುಕೊಂಡೆವು. ಮನೆಗೆ ಬಂದವರನ್ನ, ನಿಮ್ಮ ದೇವರು ಇಲ್ಲೇ ಯಾಕೆ ಅಂತ ಕೇಳೋದುಂಟೇನಪ್ಪ?” ಎಂದಳು ಮುದುಕಿ. ಬುರುಡೆಯನ್ನು ಪಕ್ಕಕ್ಕಿಟ್ಟು, “ಈಗ ಕೇಳಿಯೇಬಿಡುತ್ತೇನೆ. ಗುಂಡಿ ಯಾಕೆ?” ಎಂದು ಕೇಳಿದಳು.

ಈ ಪ್ರಶ್ನೆ ನೇಕಾರನ ಪುಸ್ತಕದಲ್ಲಿರಲಿಲ್ಲ. ಅವನು ಅಪ್ಪನನ್ನು ಕೇಳಿರಲಿಲ್ಲ, ಅಪ್ಪ ಅಜ್ಜನನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. ಗುಂಡಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟು ಯೋಚಿಸಿದ. ಉತ್ತರ ಅವನ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕೊನೆಗೆ, “ಕಾಲು ಇಳಿಬಿಡಲು,” ಎಂದ.

“ಅಷ್ಟೇನಾ?” ಎಂದಳು ಮುದುಕಿ.

ಅವನನ್ನು ತನ್ನ ಮನೆಗೆ ಹತ್ತಿಸಿಕೊಂಡು ಹೋದಳು. ನಡುಮನೆಯ ನೆಲದಿಂದ ನಾಲ್ಕು ಹಲಗೆ ಕಿತ್ತು ತೆಗೆದಳು. ಕೆಳಗೆ ಕಾಲು ಇಳಿಬಿಡಲು ಆಳುದ್ದ ಬಯಲು. ಸಂಜೆಯೊಳಗೆ ಅಲ್ಲಿ ಮಗ್ಗ ನಿಂತಿತು. ಕೆಳಗಿನಿಂದ ಗಾಳಿಯಾಡಿ ನೂಲು ಒಣಗಿಯೇ ಇತ್ತು. ಮೊದಲು ಸುಮ್ಮನೆ ಕೂರುತ್ತಿದ್ದ ಹೆಂಗಸರು ಈಗ ಅದು ಯಾಕೆ, ಇದು ಯಾಕೆ ಎಂದು ಕೇಳಿ ಕೇಳಿ ಅವನನ್ನು ಸುಸ್ತುಮಾಡಿದರು. ತಿಂಗಳೊಳಗೆ ನಾಲ್ಕು ಮನೆಗಳಲ್ಲಿ ಮಗ್ಗ ಎದ್ದಿತು. ನೇಕಾರನಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಗಾಳಿಯ ಕಾಲ ಬಂತು. ದ್ವೀಪದಲ್ಲಿ ಒಂಬತ್ತು ದೋಣಿಗಳಿದ್ದವು. ಆರಕ್ಕೆ ಅಗಲದ ಹಾಯಿ ಸಿದ್ಧವಾಗಿತ್ತು. ಉಳಿದ ಮೂರಕ್ಕೆ ದಿನ ಸಾಲಲಿಲ್ಲ. ಅವು ಹಳೆಯ ಹೊಲಿಗೆಯ ಹಾಯಿಯಲ್ಲೇ ಹೋದವು. ಆ ಮೂರರಲ್ಲಿ ಒಂದು ಮರಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ವಿಶಾಲಾಕ್ಷಿಗೆ ಸಂಕಟವಾಯಿತು. “ಆ ಜನ ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಆ ದೋಣಿಯೂ ಉಳಿಯುತ್ತಿತ್ತು,” ಎಂದಳು. “ನಾನು ಹೋಗುವ ಕಡೆ ಮಕ್ಕಳು ಹೀಗೆ ಸುಮ್ಮನಿದ್ದುಬಿಟ್ಟರೆ ನನಗೆ ತಿಳಿಯುವುದಾದರೂ ಹೇಗೆ, ಗುರುಗಳೇ?”

ಗುರುಗಳು ಅವಳನ್ನೇ ನೋಡಿ ಕೇಳಿದರು: “ಇಷ್ಟು ವರ್ಷ ಇಲ್ಲಿ ಪಾಠ ಮಾಡಿದೆಯಲ್ಲ ತಾಯಿ, ನಿನಗೆ ಕಾಣದಂತೆ ನಿನ್ನ ಗುಂಡಿಯ ನೀರು ತೋಡಿದ ಮಕ್ಕಳು ಯಾರು?”