ಬುಡಕ್ಕೆ ಬಂದ ಗೊಬ್ಬರ

ಅಂಗಳದ ಕ್ರಿಸ್‌ಮಸ್ ಮರ ಹಳದಿಗೆ ತಿರುಗುತ್ತಿತ್ತು. ಮನೆಯೊಡತಿ ಸುಗುಣಮ್ಮ ಒಂದು ಬುಟ್ಟಿ ಗೊಬ್ಬರ ತಂದು ಅದರ ಬುಡಕ್ಕೇ ಸುರಿದು ಹೋದರು.

"ಮಹಾಸ್ವಾಮಿ, ತಮ್ಮ ಪಾದಸೇವೆಗೆ ಬಂದಿದ್ದೇನೆ," ಎಂದಿತು ಗೊಬ್ಬರ.

"ಸಂತೋಷ. ಆದರೆ ನನ್ನ ಬಾಯಿ ಪಾದದಲ್ಲಿಲ್ಲ. ಉಣ್ಣುವ ಎಳೆಬೇರುಗಳು ಅಗೋ, ನೆರಳಿನ ಅಂಚಿನಲ್ಲಿ ಪಂಕ್ತಿ ಕೂತಿವೆ. ಅಲ್ಲಿಗೆ ಹೋಗಿ ಬಡಿಸು."

"ದೊಡ್ಡವರ ಕಾಲ ಬಳಿ ಇದ್ದರೇ ನನಗೆ ಮರ್ಯಾದೆ."

"ನಿನ್ನ ಮರ್ಯಾದೆ ಮುಗಿಯುವುದರೊಳಗೆ ನಾನು ಒಣಗಿರುತ್ತೇನೆ," ಎಂದು ಗದರಿದ ಮರ ಅಂಗಳದ ಕೋಳಿಯನ್ನು ಕರೆಯಿತು.

"ಏಳಯ್ಯಾ, ಅಲ್ಲಿ ಎಲೆ ಹಾಕಿ ಕಾಯ್ತಿದ್ದಾರೆ!" ಎನ್ನುತ್ತ ಕೋಳಿ ಆ ಗುಡ್ಡೆಯನ್ನು ಕೆದರಿ ನೆರಳಿನ ಅಂಚಿನವರೆಗೂ ಚೆಲ್ಲಿತು.

ಮಳೆ ಬಂತು. ಗೊಬ್ಬರ ಮಣ್ಣಿಗಿಳಿಯಿತು, ಬೇರುಗಳು ಹೊಟ್ಟೆತುಂಬ ಉಂಡವು, ಮರದ ತುದಿಯಲ್ಲಿ ಚಿಗುರೊಡೆಯಿತು.

"ಗೊಬ್ಬರವೇ, ಎಲ್ಲಿದ್ದೀಯಪ್ಪ?" ಎಂದು ಮರ ಕೇಳಿತು.

"ಇಲ್ಲೇ ಸ್ವಾಮಿ," ಎಂದಿತು ಚಿಗುರೊಳಗಿನ ದನಿ, "ತಮ್ಮ ನೆತ್ತಿಯ ಮೇಲೆ."